ಚೀನಾ ಕೊಳವೆಯ 60 ಅಡಿ ಕಾರ್ಬನ್ ಫೈಬರ್ ದೋಟಿ: ಕೊಳ್ಳಿ, ಆದರೆ ಬಿಡಿಭಾಗ ಕೈಗೆ ಬಂದ ಮೇಲೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಡಿಕೆ ಮರ ಹತ್ತಿ ಕೊನೆ (ಅಡಿಕೆ ಗೊನೆ) ಇಳಿಸುವ ಕೊನೆಗಾರರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ನೆಲದ ಮೇಲೆ ನಿಂತೇ ಕೊನೆ ಕೊಯ್ಯುವ, ಮದ್ದು ಹೊಡೆಯುವ ದೋಟಿ, ಅಂದರೆ ಉದ್ದನೆಯ ಕೋಲು, ಈಗ ತೋಟಕ್ಕೆ ಬೇಕೇ ಬೇಕು. ಚೀನಾದಲ್ಲಿ ತಯಾರಾದ, ಒಂದರೊಳಗೊಂದು ಜಾರುವ ಕಾರ್ಬನ್ ಫೈಬರ್ (ಇಂಗಾಲದ ನಾರು) ಕೊಳವೆಗಳಿಗೆ ಇಲ್ಲಿ ಕತ್ತಿ, ನಾಝಲ್ ಜೋಡಿಸಿ ಮಾರುವ ದೋಟಿಯ ವಿಚಾರ ಇದು. ಕೊಳವೆ ಚೆನ್ನಾಗಿದೆ, ಕೊಳವೆಗಳನ್ನು ಬಿಗಿಹಿಡಿಯುವ ಕ್ಲಾಂಪ್ ಸಾಧಾರಣ, ಬಿಡಿಭಾಗದ ಪೂರೈಕೆ ಕಳಪೆ.

ಅಲ್ಯೂಮಿನಿಯಂ ದೋಟಿ ಇಷ್ಟು ಉದ್ದಕ್ಕೆ ಹೋದರೆ ತುದಿ ಬಳುಕಿ, ಕತ್ತಿ ಕೊನೆಯ ಬುಡಕ್ಕೆ ಕೂರುವುದಿಲ್ಲ. ಇದು ನೆಟ್ಟಗೆ ನಿಲ್ಲುತ್ತದೆ. ಎತ್ತುವ ಕ್ರಮ ಮುಖ್ಯ: ಮರದ ಬುಡಕ್ಕೆ ಒರಗಿಸಿ ನೇರ ನಿಲ್ಲಿಸಿ, ಸಣ್ಣ ಕೊಳವೆಯಿಂದ ಶುರುಮಾಡಿ ಒಂದೊಂದಾಗಿ ಮೇಲಕ್ಕೆಳೆದು ಲಾಕ್ ಮಾಡಬೇಕು. ಪ್ರತಿ ಕೊಳವೆಯೂ ಒಂದು ಗೇಣಾದರೂ ಒಳಗೆ ಉಳಿಯಲಿ. ನೆಲದಲ್ಲೇ ಪೂರ್ತಿ ಉದ್ದ ಮಾಡಿ ಎತ್ತಿದರೆ ಭಾರವೆಲ್ಲ ಕೆಳಗಿನ ಜೋಡಣೆಗೆ ಬಿದ್ದು, ಸೀಳುವುದು ಅಲ್ಲೇ. ಮದ್ದಿಗೆ 8.5 ಮಿ.ಮೀ. ಪೈಪ್ ಕಟ್ಟಿದಾಗ 60 ಅಡಿಯಲ್ಲಿ ದ್ರಾವಣವೇ ಒಂದು ಲೀಟರ್ ತುಂಬಿರುತ್ತದೆ. ಪೈಪಿನ ತೂಕವೂ ಸೇರಿ ಅಷ್ಟೂ ಕೈಗೇ ಬೀಳುತ್ತದೆ. ಒಬ್ಬರೇ ಇಡೀ ದಿನ ಹಿಡಿಯುವ ಕೆಲಸ ಇದಲ್ಲ, ಪಾಳಿ ಬೇಕು.

ದೋಟಿ ಕೆಡುವುದು ಹೆಚ್ಚಾಗಿ ಬೋರ್ಡೋದಿಂದ, ಅಂದರೆ ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಮದ್ದಿನಿಂದ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ ಹಾಕಿದ ಮೇಲೆ ಹೊಳೆಯುವ ಚಾಕು ಅದ್ದಿ ನೋಡುತ್ತೇವಲ್ಲ, ತಾಮ್ರದ ಕೆಂಪು ಲೇಪ ಕೂತರೆ ಸುಣ್ಣ ಸಾಲದು ಎಂದರ್ಥ. ಚಾಕುವಿನ ಮೇಲೆ ನಡೆಯುವ ಅದೇ ಕ್ರಿಯೆ ದೋಟಿಯ ಅಲ್ಯೂಮಿನಿಯಂ ಕ್ಲಾಂಪ್, ಕಬ್ಬಿಣದ ಸ್ಕ್ರೂಗಳನ್ನೂ ತಿನ್ನುತ್ತದೆ. ಸೋರಿದ ಸುಣ್ಣ ಜೋಡಣೆಯಲ್ಲಿ ಗಟ್ಟಿಯಾದರೆ ಕೊಳವೆ ಒಳಗೂ ಹೋಗದು, ಹೊರಗೂ ಬಾರದು. ಸಂಜೆ ಸುಣ್ಣ ಒಣಗುವ ಮೊದಲೇ ಪ್ರತಿ ಕೊಳವೆ ಬಿಡಿಸಿ ತೊಳೆಯಿರಿ, ಒಣಬಟ್ಟೆಯಲ್ಲಿ ಒರೆಸಿ ನೆರಳಲ್ಲಿಡಿ.

ಇನ್ನೊಂದನ್ನು ಮಾರುವವರು ಜೋರಾಗಿ ಹೇಳಬೇಕು: ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರಿಯುತ್ತದೆ. ತೋಟದ ಮೇಲೆ ಅಥವಾ ಅಂಚಿನಲ್ಲಿ ತಂತಿ ಹಾದಿದ್ದರೆ ಆ ಸಾಲಿಗೆ ದೋಟಿ ಒಯ್ಯಲೇಬೇಡಿ. 60 ಅಡಿಯದು ಹೇಗೆ ವಾಲಿದರೂ ತಂತಿಗೆ ತಾಗಬಹುದು.

ಈಗ ಬಿಡಿಭಾಗದ ಮಾತು. ಕೊಳವೆ ಚೀನಾದ್ದು, ಹಾಗಾಗಿ ಬದಲಿ ಸಿಗುವುದೂ ಎರಡು ದೇಶಗಳ ಸಂಬಂಧಕ್ಕೆ ಅಂಟಿಕೊಂಡಿದೆ. ಲಡಾಖ್ ಗಡಿಯ ಗಲ್ವಾನ್‌ನಲ್ಲಿ ಚೀನಾ ಸೇನೆಯೊಂದಿಗಿನ ಸಂಘರ್ಷದಲ್ಲಿ ನಮ್ಮ 20 ಯೋಧರು ಹುತಾತ್ಮರಾದದ್ದು 2020ರ ಜೂನ್‌ನಲ್ಲಿ. ಆದರೂ 2020-21ರಲ್ಲಿ ಚೀನಾದಿಂದ ಸುಮಾರು 65 ಶತಕೋಟಿ ಡಾಲರ್ ಇದ್ದ ನಮ್ಮ ಆಮದು 2024-25ಕ್ಕೆ 113 ಶತಕೋಟಿ ದಾಟಿತು. ಆ ವರ್ಷ ನಾವು ಅಲ್ಲಿಗೆ ಕಳಿಸಿದ್ದು ಸುಮಾರು 14 ಶತಕೋಟಿಯ ಸರಕು. ಇಷ್ಟು ಅವಲಂಬನೆ ಇರುವಾಗ ದಿಲ್ಲಿ-ಬೀಜಿಂಗ್ ನಡುವೆ ಏನೇ ಆದರೂ ಅದರ ಬಿಸಿ ತೋಟಕ್ಕೂ ತಟ್ಟುತ್ತದೆ. ಕಾರ್ಬನ್ ಫೈಬರ್ ಬರಿಯ ದೋಟಿಯ ವಸ್ತುವೂ ಅಲ್ಲ. ಬೆಂಗಳೂರಿನಲ್ಲಿ ತಯಾರಾಗುವ ತೇಜಸ್ ವಿಮಾನದ ಚೌಕಟ್ಟಿನ ತೂಕದಲ್ಲಿ ಶೇ. 45ರಷ್ಟು ಅದರಿಂದಲೇ ಆದ ಸಂಯೋಜಿತ ವಸ್ತು. ಇಂಥ ವಸ್ತುಗಳ ಮೇಲೆ ಸರ್ಕಾರಗಳ ಕಣ್ಣು ಸದಾ ಇರುತ್ತದೆ. 2022ರ ಫೆಬ್ರವರಿಯಲ್ಲಿ ಭಾರತ ಪೂರ್ಣ ರೂಪದ ವಿದೇಶಿ ಡ್ರೋನ್‌ಗಳ ಆಮದು ನಿಷೇಧಿಸಿ ಬಿಡಿಭಾಗಗಳಿಗಷ್ಟೇ ದಾರಿ ಬಿಟ್ಟಿತು. 2025ರ ಏಪ್ರಿಲ್‌ನಲ್ಲಿ ಚೀನಾ ಅಪರೂಪದ ಲೋಹಗಳ ಆಯಸ್ಕಾಂತಕ್ಕೆ ರಫ್ತು ಲೈಸೆನ್ಸ್ ಕಡ್ಡಾಯ ಮಾಡಿದಾಗ ನಮ್ಮ ವಾಹನ ಕಂಪನಿಗಳೇ ಪರದಾಡಿದವು.

ಅಗ್ಗದ ವಿದೇಶಿ ಅಡಿಕೆ ತಡೆಯಲು ಕೆಜಿಗೆ 351 ರೂಪಾಯಿ ಕನಿಷ್ಠ ಆಮದು ಬೆಲೆ 2023ರಲ್ಲಿ ಬಂತು. ಬೆಳೆಗೆ ರಕ್ಷಣೆ ಕೇಳಿದ ನಾವು, ಬೆಳೆ ಉಳಿಸುವ ಕೊಳವೆಯೂ ಇಲ್ಲೇ ತಯಾರಾಗಲಿ ಎಂದು ಅಷ್ಟೇ ಗಟ್ಟಿಯಾಗಿ ಕೇಳಬೇಕು.

ಅಲ್ಲಿಯವರೆಗೆ ಕೊಳ್ಳುವವರು ಪೆಟ್ಟಿಗೆಯ ಮೇಲೆ ಯಾವ ದೇಶದ್ದು, ಆಮದುದಾರರು ಯಾರು, ವಿಳಾಸ ಏನು ಎಂದು ನೋಡಿ. ಜಿಎಸ್‌ಟಿ ಬಿಲ್ ಇಲ್ಲದೆ ತರಬೇಡಿ. ಬೀಳುವ ಅಡಿಕೆ ಗೊನೆಯ ಪೆಟ್ಟು ತಿನ್ನುವುದು ಮೇಲಿನ ಸಣ್ಣ ಕೊಳವೆಗಳು, ಆದ್ದರಿಂದ ತುದಿಯಿಂದ ಎರಡನೆಯ ಕೊಳವೆ ಒಂದು, ಕ್ಲಾಂಪ್ ಎರಡು ಅಂದೇ ಹೆಚ್ಚಿಗೆ ಕೊಳ್ಳಿ. ಒಂದು ಲಾಟಿನ ಕೊಳವೆ ಇನ್ನೊಂದಕ್ಕೆ ಕೂರುತ್ತದೆಂಬ ಭರವಸೆ ಇಲ್ಲ. ವರ್ನಿಯರ್ ಮಾಪಕದಲ್ಲಿ ಪ್ರತಿ ಕೊಳವೆಯ ಹೊರವ್ಯಾಸ ಅಳೆದು ಬಿಲ್ಲಿನ ಹಿಂದೆ ಬರೆದಿಡಿ. ಕೊಳ್ಳುವುದನ್ನು ಮಾರ್ಚ್‌ನಲ್ಲೇ ಮುಗಿಸಿ. ಮೇ ಕೊನೆಯಲ್ಲಿ ಮುರಿದ ಕೊಳವೆಗೆ ಬದಲಿ ಹಡಗಿನಲ್ಲಿ ಬರಬೇಕಾದರೆ, ಅದು ಬರುವಷ್ಟರಲ್ಲಿ ಆಗುಂಬೆ ಕಡೆಯ ಮಳೆ ಹಿಡಿದು ಕೊಳೆ ಶುರುವಾಗಿರುತ್ತದೆ.