ಟೆಲಿ ಮಾನಸ್ 14416: ಕನ್ನಡದಲ್ಲೇ ಮನಸ್ಸು ಬಿಚ್ಚಿ ಮಾತಾಡಬಹುದು

ಗ್ಯಾಸ್ ರೆಗ್ಯುಲೇಟರ್ ಆಫ್ ಮಾಡಿದ್ದೀನಾ ಅಂತ ರಾತ್ರಿ ಮತ್ತೆ ಮತ್ತೆ ಎದ್ದು ನೋಡುವವರು, ಇಸಿಜಿ, ಥೈರಾಯ್ಡ್ ಎಲ್ಲಾ ನಾರ್ಮಲ್ ಬಂದರೂ ಎದೆ ಡವಡವ ನಿಲ್ಲದವರು ಈ ನಂಬರಿಗೆ ಒಮ್ಮೆ ಫೋನ್ ಮಾಡಬೇಕು. ನನಗೆ ಎರಡೂ ಇತ್ತು. ಶಿವಮೊಗ್ಗದಲ್ಲಿ ಬ್ಯಾಂಕ್ ಕೆಲಸ, ಸಾಗರದ ಮನೆಯಲ್ಲಿ ಅಮ್ಮ ಒಬ್ಬರೇ.

ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಮಾನಸಿಕ ಆರೋಗ್ಯದ ಸಹಾಯವಾಣಿ ಇದು. ಬೆನ್ನಿಗೆ ನಮ್ಮ ನಿಮ್ಹಾನ್ಸ್ ಇದೆ. ದಿನದ 24 ಗಂಟೆಯೂ ಸಿಗುತ್ತದೆ, ದುಡ್ಡಿಲ್ಲ. ಭಾಷೆ ಕೇಳಿದಾಗ ಕನ್ನಡ ಆರಿಸಿಕೊಂಡರೆ ಆಯ್ತು.

ಮಾತಾಡಿದ ಮೇಡಂ "ಸುಮ್ನೆ ಯೋಚನೆ ಮಾಡ್ಬೇಡಿ" ಅನ್ನಲಿಲ್ಲ. ಅಷ್ಟಕ್ಕೇ ಹೋದ ಜೀವ ಬಂದಂತಾಯಿತು. "ಗ್ಯಾಸ್ ನೋಡಿ ಬಂದ್ಮೇಲೆ ಸಮಾಧಾನ ಎಷ್ಟು ಹೊತ್ತು ಇರುತ್ತೆ?" ಅಂತ ಕೇಳಿದರು. ಹೊದಿಕೆ ಎಳೆದುಕೊಳ್ಳುವಷ್ಟು ಹೊತ್ತು, ಅಂದೆ. "ಆ ಚೂರು ಸಮಾಧಾನಕ್ಕೋಸ್ಕರನೇ ಮನಸ್ಸು ನಿಮ್ಮನ್ನ ಮತ್ತೆ ಎಬ್ಬಿಸುತ್ತೆ" ಅಂದರು. ನೋಡಿದಷ್ಟೂ ಅನುಮಾನ ಯಾಕೆ ಜಾಸ್ತಿಯಾಗುತ್ತದೆ ಅಂತ ಆಗ ಅರ್ಥವಾಯಿತು. ಇಂಥ ಕಾಯಿಲೆಯಲ್ಲಿ ಬುದ್ಧಿ ಕೆಟ್ಟಿರುವುದಿಲ್ಲ. ಗ್ಯಾಸ್ ಆಫ್ ಆಗಿದೆ ಅಂತ ಚೆನ್ನಾಗಿ ಗೊತ್ತಿರುತ್ತದೆ. ಆದರೂ ಕಾಲು ಅಡುಗೆಮನೆ ಕಡೆಗೇ ಹೋಗುತ್ತದೆ.

ಯಾವಾಗಿಂದ ಹೀಗೆ ಅಂದರು. ಪ್ರಮೋಷನ್ ಆರ್ಡರ್ ಬಂದಾಗಿಂದ. ಪೋಸ್ಟಿಂಗ್ ಕಲಬುರಗಿಗೆ. ಹೋಗುವ ಆಸೆ ಇದೆ, ಅಮ್ಮನನ್ನು ಬಿಟ್ಟು ಹೋಗುವುದು ಹೇಗೆ ಅಂತಲೂ ಇದೆ. ಕಟ್ಟಿಹಾಕಿದಂತಾಯಿತಲ್ಲ ಅನ್ನೋ ಸಿಟ್ಟು ಬೇರೆ. ಅದನ್ನು ಅಮ್ಮನ ಮೇಲೆ ತೋರಿಸುವುದುಂಟೇ? "ನೀ ಹೋಗು ಮಗಳೇ, ನನ್ನದೇನು" ಅಂತ ಅವರು ಅಂದಾಗಲೆಲ್ಲ ಕರುಳು ಚುರ್ ಅನ್ನುತ್ತದೆ. ಗ್ಯಾಸಿನ ಭಯದ ಹಿಂದೆ ಇಷ್ಟೆಲ್ಲ ಇತ್ತು.

ಮೇಡಂ ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್ ಹೆಸರು ಎತ್ತಲಿಲ್ಲ, ಆಮೇಲೆ ನಾನೇ ಓದಿಕೊಂಡೆ. ಆಸೆ ಒಂದು ಕಡೆ, ಅದು ಕೂಡದು ಅನ್ನುವ ಮನಸ್ಸು ಇನ್ನೊಂದು ಕಡೆ ಎಳೆದಾಗ ಆತಂಕ ಹುಟ್ಟುತ್ತದೆ, ನೇರವಾಗಿ ಹೊರಬರಲಾಗದ್ದು ಬೇರೆ ವೇಷದಲ್ಲಿ ಬರುತ್ತದೆ. ನ್ಯೂರೋಸಿಸ್, ಅಂದರೆ ಬುದ್ಧಿ ನೆಟ್ಟಗಿದ್ದೂ ಆತಂಕ, ಗೀಳು ಕಾಡುವ ಕಾಯಿಲೆ, ಅದರ ಬಗ್ಗೆ ಫ್ರಾಯ್ಡ್ ಹೇಳಿದ್ದರ ತಿರುಳು ಇದು. ಅವರ ನಂತರದ ಮನೋವಿಶ್ಲೇಷಕಿ ಕ್ಯಾರೆನ್ ಹಾರ್ನಿ ಅದರ ಬೇರನ್ನು ಬಾಲ್ಯದ ಅಭದ್ರತೆಯಲ್ಲಿ, ಹತ್ತಿರದವರ ಜೊತೆಗಿನ ಸಂಬಂಧದಲ್ಲಿ ಹುಡುಕಿದರು. ನನಗೆ ಹಾರ್ನಿ ಮಾತೇ ಜಾಸ್ತಿ ಹಿಡಿಸಿತು. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಅಮೆರಿಕದ ಮನೋವೈದ್ಯರು ಮಾಡಿದ ಕೈಪಿಡಿ, 1980ರ ಡಿಎಸ್‌ಎಂ-3 ಬಂದ ಮೇಲೆ ಇವನ್ನೆಲ್ಲ ಆತಂಕದ ಕಾಯಿಲೆ, ಗೀಳು, ಫೋಬಿಯಾ ಅಂತ ಬೇರೆ ಬೇರೆ ಹೆಸರಲ್ಲಿ ಗುರುತಿಸುತ್ತಾರೆ. ಒಳಗಿನ ತಿಕ್ಕಾಟವೊಂದೇ ಕಾರಣವಲ್ಲ, ವಂಶ, ಮೆದುಳಿನ ಪಾಲೂ ಇದೆ ಅನ್ನುತ್ತಾರೆ.

ಫೋನಿನಲ್ಲೇ ಎಲ್ಲಾ ವಾಸಿಯಾಗುತ್ತದೆ ಅಂದುಕೊಳ್ಳಬೇಡಿ. ನನಗೆ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯರನ್ನು ಕಾಣಲು ಹೇಳಿದರು. ಈಗ ಅಲ್ಲಿ ಅಭ್ಯಾಸ ನಡೆಯುತ್ತಿದೆ: ಎದ್ದು ನೋಡಬೇಕು ಅನಿಸಿದಾಗ ತಡೆದು ಕೂರುವುದು, ಗಾಬರಿ ತಾನಾಗಿ ಇಳಿಯುವವರೆಗೆ ಕಾಯುವುದು. ಸುಲಭ ಅಲ್ಲ, ಬೆವರು ಕಿತ್ತು ಬರುತ್ತದೆ. ಆದರೆ ಇಳಿಯುತ್ತದೆ.

ಫೋನ್ ಮಾಡುವಾಗ ಮನೆಯವರ ಕಿವಿಗೆ ಬೀಳದ ಜಾಗ ನೋಡಿಕೊಳ್ಳಿ. ಎದುರಿಗೆ ಯಾರಾದರೂ ಕೂತಿದ್ದರೆ ಮುಖ್ಯವಾದ ಮಾತೇ ಬಾಯಿಗೆ ಬರಲ್ಲ.