ಗದ್ದಲ ತಗ್ಗಿಸಲು ತಂದ ಲೂಪ್ ಆಂಟೆನಾ: ಎರಡು ಮಳೆಗಾಲದ ನಂತರ

ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಆಕ್ಟಿವ್ ಲೂಪ್ ಆಂಟೆನಾ ಇದು, ಅಂದರೆ ಬಳೆ ಹಾಗೆ ಸುತ್ತಿದ ತಂತಿ, ಅದರ ಜೊತೆಗೇ ಸಿಗ್ನಲ್ ಹಿಗ್ಗಿಸುವ ಆಂಪ್ಲಿಫೈಯರ್. ಎಷ್ಟು ಫ್ರೀಕ್ವೆನ್ಸಿ, ಎಷ್ಟು ಗೇನ್ ಅನ್ನೋದೆಲ್ಲ ಪೆಟ್ಟಿಗೆ ಮೇಲೇ ಇದೆ, ಓದಿಕೊಳ್ಳಿ. ನಮ್ಮ ಮನೆ ಇರೋದು ಶಿಡ್ಲಘಟ್ಟದಲ್ಲಿ, ಹಿಂದಿನ ಬೀದಿಯಲ್ಲಿ ರೇಷ್ಮೆ ಫಿಲೇಚರ್. ಬೆಳಗ್ಗೆ ಗೂಡು ಬೇಯಿಸಿ ನೂಲು ಬಿಚ್ಚೋಕೆ ಶುರು ಮಾಡಿದರೆ ಸಾಕು, ಮೋಟಾರಿನ ವೇಗ ಹೆಚ್ಚುಕಮ್ಮಿ ಮಾಡುವ ಕಂಟ್ರೋಲರ್ ಎಬ್ಬಿಸುವ ರೇಡಿಯೋ ಗದ್ದಲ ನನ್ನ 40 ಮೀಟರ್ ಬ್ಯಾಂಡನ್ನು ನುಂಗಿಹಾಕುತ್ತದೆ. ಅದೇ ಬ್ಯಾಂಡಿನ 7 ಮೆಗಾಹರ್ಟ್ಸ್‌ನಲ್ಲಿ ನಮ್ಮ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೋದವರು, ಮಾತಿಗೆ ಸೇರೋದೂ ಅದೇ ಹೊತ್ತಿಗೆ. ಉದ್ದ ತಂತಿಯ ಮಾಮೂಲಿ ಆಂಟೆನಾ, ಡೈಪೋಲ್, ಹಾಕಿದರೆ ಯಾರೂ ಮಾತಾಡದಿದ್ದರೂ ಸಿಗ್ನಲ್ ಬಲ ತೋರಿಸುವ ಎಸ್-ಮೀಟರ್ ಸುಮ್ನೆ 9ರಲ್ಲಿ ಕೂತಿರುತ್ತಿತ್ತು. ಕರೆಂಟ್ ಹೋದ ದಿನ ಬ್ಯಾಟರಿಯಲ್ಲಿ ಕೇಳಿದರೆ ಅದೇ ಬ್ಯಾಂಡ್ ಎಷ್ಟು ಚೊಕ್ಕ ಅಂತೀರಿ!

ಲೂಪ್‌ನ ಗುಣ ಇಷ್ಟೇ. ಅದರ ಅಂಚು ಇರುವ ದಿಕ್ಕಿನಿಂದ ಚೆನ್ನಾಗಿ ಕೇಳುತ್ತದೆ, ಅಗಲದ ಮುಖ ಇರುವ ದಿಕ್ಕಿಗೆ ಕಿವುಡು. ಹಾಗಾಗಿ ಗದ್ದಲ ಮಾಡುವವರ ಕಡೆಗೇ ಮುಖ ಮಾಡಿ ನಿಲ್ಲಿಸಬೇಕು. ಫಿಲೇಚರ್ ಸದ್ದು ನೆಲದ ಮಟ್ಟದಲ್ಲಿ ನೇರ ಬರುತ್ತದೆ, ಸಾಯುತ್ತದೆ. ಹುಬ್ಬಳ್ಳಿಯವರ ದನಿ ವಾತಾವರಣದ ಮೇಲ್ಪದರವಾದ ಅಯಾನುಗೋಳಕ್ಕೆ ತಾಗಿ ಮೇಲಿಂದ ಇಳಿಯುತ್ತದೆ, ಅದಕ್ಕೆ ಏನೂ ಆಗೋದಿಲ್ಲ.

ತಿರುಗಿಸೋಕೆ ಮೋಟಾರ್ ಗೀಟಾರ್ ಏನಿಲ್ಲ. ಟೆರೇಸ್ ಮೇಲಿನ ಚಿಕ್ಕ ರೂಮಿನಲ್ಲಿ ರೇಡಿಯೋ, ನೀರಿನ ಟ್ಯಾಂಕ್ ಪಕ್ಕ ಪಿವಿಸಿ ಪೈಪಿನ ಮೇಲೆ ಲೂಪ್, ಪೈಪಿಗೆ ಕಟ್ಟಿದ ಎರಡು ನೈಲಾನ್ ದಾರ ಕಿಟಕಿಯಿಂದ ಒಳಗೆ, ಎತ್ತಿನ ಹಗ್ಗ ಹಿಡಿದ ಹಾಗೆ. ಎಡಗೈಯಲ್ಲಿ ಕಾಫಿ, ಬಲಗೈಯಲ್ಲಿ ದಾರ. ಒಂದು ಗೇಣು ಎಳೆದರೆ ಗರಗರ ತೆಳುವಾಗುತ್ತದೆ. ಇನ್ನೆರಡು ಬೆರಳು ಎಳೆದರೆ ಫಕ್ಕನೆ ಕುಸಿದು ಮೀಟರ್ 4ಕ್ಕೆ ಇಳಿಯುತ್ತದೆ, ಅದರೊಳಗಿಂದ ಯಾರೋ ತಮ್ಮ ಸ್ಟೇಷನ್ನಿನ ಗುರುತು, ಕಾಲ್‌ಸೈನ್, ಹೇಳ್ತಾ ಇರೋದು ಕೇಳುತ್ತದೆ. ಒಂದು ಬೆರಳು ಜಾಸ್ತಿ ಆಯ್ತೋ, ಮತ್ತೆ ಗರಗರ. ಇದಕ್ಕೇ ನಾನು ಇದನ್ನು ಮಾರದೆ ಇಟ್ಟುಕೊಂಡಿರೋದು.

ಕೋಪ ಬರೋದು ಜೊತೆಗೆ ಬಂದ ಪವರ್ ಡಬ್ಬಿ ಮೇಲೆ. ಯುಎಸ್‌ಬಿ 5 ವೋಲ್ಟನ್ನು ಒಳಗೆ ಏರಿಸಿ ಕೇಬಲ್ ಮೂಲಕ ಮೇಲೆ ಕಳಿಸುತ್ತದೆ. ಆ ಏರಿಸುವ ಸರ್ಕ್ಯೂಟೇ ಬ್ಯಾಂಡ್ ತುಂಬ ಶಿಳ್ಳೆ ಹಾಕುತ್ತದೆ! ಗದ್ದಲ ಕಡಿಮೆ ಮಾಡೋಕೆ ಅಂತ ದುಡ್ಡು ಕೊಟ್ಟು ತಂದ ಸಾಮಾನು ಅಲ್ವಾ? ಮೊಬೈಲ್ ಚಾರ್ಜರ್‌ಗೆ ಸಿಕ್ಕಿಸಿದರಂತೂ ಮುಗೀತು. ಕೊನೆಗೆ ಬೆಂಗಳೂರಿನ ಎಸ್‌ಪಿ ರೋಡಿನಿಂದ ಚೋಕ್, ಕೆಪಾಸಿಟರ್ ತಂದು ಸಿಗ್ನಲ್ ಬರುವ ಕೇಬಲ್ಲಿಗೇ ಪವರ್ ಸೇರಿಸುವ ಬಯಾಸ್-ಟೀ ನಾನೇ ಕಟ್ಟಿದೆ. ಈಗ 12 ವೋಲ್ಟ್ ಯುಪಿಎಸ್ ಬ್ಯಾಟರಿಯಲ್ಲೇ ಓಡುತ್ತದೆ, ಶಿಳ್ಳೆ ಪೂರ್ತಿ ಹೋಯಿತು. ನೀವೂ ಹೀಗೆ ಮಾಡೋದಾದರೆ ಮೇಲಿನ ಆಂಪ್ಲಿಫೈಯರ್‌ಗೆ ಎಷ್ಟು ವೋಲ್ಟ್ ಹೋಗುತ್ತಿದೆ ಅಂತ ಮೊದಲು ಮೀಟರ್ ಇಟ್ಟು ನೋಡಿ.

ಇನ್ನೊಂದು ಖರ್ಚು ಫೆರೈಟ್, ಕೇಬಲ್ಲಿಗೆ ಹಾಕಿ ಗದ್ದಲ ತಡೆಯುವ ಉಂಗುರ. ಕೇಬಲ್ಲಿನ ಹೊರಮೈ ಹಿಡಿದುಕೊಂಡು ಬರುವ ಗದ್ದಲಕ್ಕೆ ಲೂಪ್ ತಿರುಗಿಸಿ ಪ್ರಯೋಜನ ಇಲ್ಲ. ಎಚ್‌ಎಫ್‌ಗೆ (3ರಿಂದ 30 ಮೆಗಾಹರ್ಟ್ಸ್) 31 ನಂಬರ್ ಮಿಕ್ಸ್, ಅಂದರೆ ಆ ಬಗೆಯ ಫೆರೈಟ್, ಕೇಳಿ ತನ್ನಿ, ಕೇಬಲನ್ನು ಒಂದೇ ಸಲ ತೂರಿಸಿ ಬಿಡಬೇಡಿ, ಸುತ್ತಿ. ಸುತ್ತು ಎರಡರಷ್ಟಾದರೆ ತಡೆ ಹೆಚ್ಚುಕಮ್ಮಿ ನಾಲ್ಕರಷ್ಟಾಗುತ್ತದೆ. ಅಂಥದ್ದೇ ಒಂದನ್ನು ಕಂಟ್ರೋಲರ್ ವೈರಿಗೂ ಹಾಕೋಣ ಅಂತ ಫಿಲೇಚರ್ ಭಾಯ್ ಹತ್ತಿರ ಹೋದೆ. "ನಮ್ ಮೋಟಾರು ಅಮೆರಿಕಾಗೂ ಕೇಳ್ಸತ್ತಾ ಸಾರ್?" ಅಂತ ನಕ್ಕರು. ಚಾ ಕುಡಿಸಿದರು, ಹಾಕೋಕೂ ಬಿಟ್ಟರು. ಸ್ವಲ್ಪ ಇಳಿಯಿತು.

ಸಂಜೆ ಕತೆ ಬೇರೆ. ಎದುರು ಬೀದಿಯ ಎಲ್‌ಇಡಿ ದೀಪ ಹತ್ತಿದರೆ ಗದ್ದಲ ಒಂದೇ ಗೆರೆಯಲ್ಲಿಲ್ಲದ ಎರಡು ದಿಕ್ಕಿನಿಂದ, ಲೂಪ್ ಕಿವುಡಾಗೋದು ಒಂದೇ ಗೆರೆಗೆ. ಆಗ ಫಿಲೇಚರ್ ನಿಲ್ಲೋವರೆಗೂ ಕಾಯಬೇಕು. ಊರ ನಡುವೆ ನಾಲ್ಕೂ ಕಡೆ ಸದ್ದಿರುವವರು ತಗೋಬೇಡಿ. ಒಂದೇ ಕಡೆಯ ಕಾಟ ಇದ್ದು, ಬೆಸುಗೆ ಹಾಕೋಕೆ ಬೇಜಾರಿಲ್ಲ ಅಂದರೆ ತಗೊಳ್ಳಿ. ಇದು ಕೇಳೋಕೆ ಮಾತ್ರ, ಮಾತಾಡೋಕೆ ನಿಮ್ಮ ಡೈಪೋಲ್ ಬೇಕೇ ಬೇಕು. ಟ್ರಾನ್ಸ್‌ಮಿಟ್ ಒತ್ತಿದಾಗ ಲೂಪ್ ಬೇರೆಯಾಗುವ ಹಾಗೆ ಒಂದು ರಿಲೇ ಹಾಕಿಕೊಳ್ಳಿ, ಇಲ್ಲದಿದ್ದರೆ ಆಂಪ್ಲಿಫೈಯರ್ ಸುಟ್ಟುಹೋಗಬಹುದು.