ಎರಡು ಪಂಪಿದ್ದರೂ ಇಂಜಿನ್ ನಿಂತಿತು: ವಿಮಾನದ ಇಂಜಿನ್ನಿಗೆ ಇಂಜೆಕ್ಷನ್ ಹಾಕಿಸುವವರು ದಯವಿಟ್ಟು ಓದಿ

ಪುಣೆ ಸುತ್ತಮುತ್ತ ಎರಡು ಸೀಟಿನ ವಿಮಾನ ಸ್ವಂತವಾಗಿ ಕಟ್ಟುತ್ತಿರುವ, ಅಥವಾ ಕಾರ್ಬ್ಯುರೇಟರ್ ತೆಗೆಸಿ ಎಲೆಕ್ಟ್ರಾನಿಕ್ ಇಂಜೆಕ್ಷನ್ (ಪಂಪಿನ ಒತ್ತಡದಲ್ಲಿ ಪೆಟ್ರೋಲನ್ನು ಇಂಜಿನ್ನಿಗೆ ಚಿಮ್ಮಿಸುವ ವ್ಯವಸ್ಥೆ) ಹಾಕಿಸಬೇಕು ಅಂದುಕೊಂಡಿರುವ ನಮ್ಮ ಕನ್ನಡದವರಿಗೆ ಈ ಎಚ್ಚರಿಕೆ. ವರ್ಕ್‌ಶಾಪಿಗೆ ಅಡ್ವಾನ್ಸ್ ಕೊಡುವ ಮೊದಲೇ ಓದಿ. ಕೊಟ್ಟಾಗಿದ್ದರೆ ವಿಮಾನ ನೆಲ ಬಿಡುವ ಮೊದಲಾದರೂ ಓದಿ.

ಆದದ್ದು ಇಷ್ಟು. ಲೋ ವಿಂಗ್ (ರೆಕ್ಕೆ ಕೆಳಗಡೆ ಇರುವ) ವಿಮಾನ, 100 ಎಚ್‌ಪಿ ಇಂಜಿನ್, ಎರಡು ರೆಕ್ಕೆಯಲ್ಲೂ ಒಂದೊಂದು ಟ್ಯಾಂಕು. ಇಲ್ಲಿನ ಒಂದು ವರ್ಕ್‌ಶಾಪಿನವರು ಕಾರಿಗೆ ಬರುವ ಎರಡು ಹೈ ಪ್ರೆಶರ್ ಪಂಪು ಹಾಕಿ ಇಂಜೆಕ್ಷನ್ ಕೂರಿಸಿಕೊಟ್ಟರು. ಬೆಳಗಿನ ತಂಪಿನಲ್ಲಿ ಎಷ್ಟು ಓಡಿಸಿದರೂ ಪೆಟ್ರೋಲಿನ ಒತ್ತಡ ತೋರಿಸುವ ಗೇಜಿನ ಮುಳ್ಳು 3 ಬಾರ್‌ನಿಂದ ಅಲುಗಲಿಲ್ಲ. ಮೇ ತಿಂಗಳ ಮಧ್ಯಾಹ್ನ, ನೆರಳಲ್ಲೇ 40 ಡಿಗ್ರಿ ಇರುವಾಗ, ಒಮ್ಮೆ ಓಡಿಸಿ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿದರು. ಐಡಲ್‌ನಲ್ಲಿ ಕೆಲವು ನಿಮಿಷ ಬಿಟ್ಟು ಫುಲ್ ಥ್ರಾಟಲ್ ಕೊಟ್ಟಾಗ ಮುಳ್ಳು ನಡುಗತೊಡಗಿತು. 3ರಿಂದ 2.5ಕ್ಕೆ, ಅಲ್ಲಿಂದ 1.8ಕ್ಕೆ ಇಳಿಯಿತು. ಇಂಜಿನ್ ಮಿಸ್ ಹೊಡೆಯಲು ಶುರುವಾಯಿತು. ಎರಡನೇ ಪಂಪು ಆನ್ ಮಾಡಿದರೂ ಮುಳ್ಳು ಮೇಲೇಳಲಿಲ್ಲ. ಕೊನೆಗೆ ಇಂಜಿನ್ ನಿಂತೇ ಹೋಯಿತು.

ವಿಮಾನವನ್ನು ನೆಲಕ್ಕೆ ಕಟ್ಟಿ ಹಾಕಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಆದರೆ ಇಳಿದು, ಚಹಾ ಕುಡಿದು, ಮತ್ತೆ ಹತ್ತಿ, ರನ್‌ವೇ ಪಕ್ಕ ಐಡಲ್‌ನಲ್ಲಿ ಕಾದು, ಫುಲ್ ಥ್ರಾಟಲ್ ಕೊಡುವುದು ಎಲ್ಲರೂ ಮಾಡುವ ಕೆಲಸವೇ. ಇದೇ 200 ಅಡಿ ಎತ್ತರದಲ್ಲಿ ಆಗಿದ್ದರೆ ತಿರುಗಿ ಬರುವಷ್ಟು ಜಾಗವೂ ಇರುತ್ತಿರಲಿಲ್ಲ.

ವರ್ಕ್‌ಶಾಪಿನವರು ಪಂಪು ಕೆಟ್ಟಿದೆ, ಬದಲಾಯಿಸೋಣ ಅಂದರು. ಬಿಚ್ಚಿ ಪರೀಕ್ಷೆ ಮಾಡಿದರೆ ಎರಡೂ ಪಂಪು ಸರಿಯಾಗಿಯೇ ಇದ್ದವು. ತಪ್ಪು ಇದ್ದದ್ದು ಪಂಪಿಗೆ ಪೆಟ್ರೋಲು ಬರುವ ದಾರಿಯಲ್ಲಿ.

ಇಂಜೆಕ್ಷನ್ ಪಂಪು ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ತುಂಬ ದುರ್ಬಲ. ಪೆಟ್ರೋಲಿನ ಹಗುರ ಅಂಶಗಳು 35–40 ಡಿಗ್ರಿಗೇ ಕುದಿಯಲು ಶುರುವಾಗುತ್ತವೆ. ಪಂಪು ಎಳೆಯುವ ಕಡೆ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ ಇರುವುದರಿಂದ ಅಲ್ಲಿ ಇನ್ನೂ ಬೇಗ ಕುದಿಯುತ್ತವೆ. ಪುಣೆಯೇ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ, ಮೇಲೆ ಹಾರಿದಷ್ಟೂ ಗಾಳಿಯ ಒತ್ತಡ ಇನ್ನೂ ಇಳಿಯುತ್ತದೆ. ಪಂಪಿನೊಳಗೆ ಆವಿ ಸೇರಿದರೆ ಅದು ಆವಿಯನ್ನೇ ಹಿಚುಕುತ್ತಾ ತಿರುಗುತ್ತದೆ, ಮುಂದೆ ಪೆಟ್ರೋಲು ಹೋಗುವುದಿಲ್ಲ. ಎರಡನೇ ಪಂಪು ಎಳೆಯುವುದೂ ಅದೇ ಪೈಪಿನಿಂದ ಆದ್ದರಿಂದ ಅದಕ್ಕೂ ಸಿಗುವುದು ಗುಳ್ಳೆಯೇ. ಸಕ್ಷನ್ ಲೈನು, ಅಂದರೆ ಪಂಪು ಎಳೆಯುವ ಪೈಪು, ಒಂದೇ ಆಗಿದ್ದರೆ, ಪೆಟ್ರೋಲು ಕುದಿದಾಗ ಎರಡು ಪಂಪು ಇದ್ದೂ ಒಂದೂ ಇಲ್ಲದ ಹಾಗೆ.

ಇನ್ನು ಇಸಿಯು, ಅಂದರೆ ಇಂಜೆಕ್ಷನ್ ನಡೆಸುವ ಕಂಪ್ಯೂಟರ್. ಒತ್ತಡ 3 ಬಾರ್ ಇದೆ ಅಂತ ನಂಬಿಕೊಂಡು ಅದು ಇಂಜೆಕ್ಟರನ್ನು (ಪೆಟ್ರೋಲು ಚಿಮ್ಮಿಸುವ ಬಾಯಿಯನ್ನು) ಇಷ್ಟು ಮಿಲಿಸೆಕೆಂಡು ತೆರೆಯುತ್ತದೆ. ಹರಿವು ಒತ್ತಡದ ವರ್ಗಮೂಲದ ಲೆಕ್ಕದಲ್ಲಿ ಬದಲಾಗುತ್ತದೆ. 3 ಬಾರ್ 1.8ಕ್ಕೆ ಇಳಿದರೆ ಪೆಟ್ರೋಲು ಶೇ 22ರಷ್ಟು ಕಮ್ಮಿ. ಗುಳ್ಳೆ ಸೇರಿದ್ದರೆ ಇನ್ನೂ ಕಮ್ಮಿ. ಫುಲ್ ಪವರ್‌ನಲ್ಲಿ ಅಷ್ಟು ಲೀನ್ ಆದರೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲು ಸಿಗದಿದ್ದರೆ, ಇಂಜಿನ್ ನಿಲ್ಲದೆ ಹೋದರೂ ಪಿಸ್ಟನ್ ಉಳಿಯುವುದು ಕಷ್ಟ.

ಈಗ ಅಸಲಿ ತಪ್ಪಿಗೆ ಬರೋಣ. 100 ಎಚ್‌ಪಿ ಇಂಜಿನ್ ಟೇಕಾಫ್‌ನಲ್ಲಿ ಗಂಟೆಗೆ ಸುಮಾರು 27 ಲೀಟರ್ ಕುಡಿಯುತ್ತದೆ, ಐಡಲ್‌ನಲ್ಲಿ 5 ಲೀಟರಿನ ಆಸುಪಾಸು. ಈ ಪಂಪು ತಳ್ಳುವುದು ಗಂಟೆಗೆ 120 ಲೀಟರ್. ಮಿಕ್ಕದ್ದನ್ನೆಲ್ಲ ಒತ್ತಡ ಕಾಯುವ ರೆಗ್ಯುಲೇಟರ್ ರಿಟರ್ನ್ ಲೈನಿಗೆ (ವಾಪಸ್ ಹೋಗುವ ಪೈಪಿಗೆ) ಬಿಡುತ್ತದೆ. ಆ ರಿಟರ್ನ್ ಟ್ಯಾಂಕಿಗೆ ಹೋಗಬೇಕು. ಇಲ್ಲಿ ಟ್ಯಾಂಕಿಗೆ ಹೊಸ ತೂತು ಕೊರೆಯುವ ಕೆಲಸ ಉಳಿಸಲು ಪಂಪಿನ ಮುಂಚೆಯೇ ಒಂದು ಟಿ ಜಾಯಿಂಟ್ ಹಾಕಿ ಸಕ್ಷನ್ ಲೈನಿಗೇ ಸೇರಿಸಿಬಿಟ್ಟಿದ್ದರು.

ಇದರಿಂದ ಏನಾಗುತ್ತದೆ ಅಂತ ಲೆಕ್ಕ ಹಾಕಿ ನೋಡಿ. ಪಂಪಿಗೆ 13 ವೋಲ್ಟಿನಲ್ಲಿ 5–6 ಆಂಪಿಯರ್, ಅಂದರೆ 70 ವಾಟ್. ಈ ಪಂಪುಗಳಲ್ಲಿ ಪೆಟ್ರೋಲು ಮೋಟರಿನ ಒಳಗಿಂದಲೇ ಹರಿಯುವುದರಿಂದ ಆ 70 ವಾಟ್ ಹೆಚ್ಚುಕಮ್ಮಿ ಪೂರ್ತಿ ಬಿಸಿಯಾಗಿ ಪೆಟ್ರೋಲಿಗೇ ಸೇರುತ್ತದೆ. ಐಡಲ್‌ನಲ್ಲಿ ಟ್ಯಾಂಕಿನಿಂದ ಹೊಸದಾಗಿ ಬರುವುದು ಸೆಕೆಂಡಿಗೆ ಒಂದು ಗ್ರಾಂ ಅಷ್ಟೆ. ಅಷ್ಟರಿಂದ ತಣಿಯಬೇಕಾದರೆ ಸುತ್ತು ಹೊಡೆಯುವ ಪೆಟ್ರೋಲು ಟ್ಯಾಂಕಿನಲ್ಲಿರುವುದಕ್ಕಿಂತ ಸುಮಾರು 30 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ. ಟ್ಯಾಂಕಿನಲ್ಲಿ 38 ಇದ್ದರೆ ಪಂಪಿನ ಬಾಯಲ್ಲಿ 68! ಟೇಕಾಫ್‌ಗೆ ಎರಡೂ ಪಂಪು ಆನ್ ಮಾಡಿಕೊಂಡು ಐಡಲ್‌ನಲ್ಲಿ ಕಾಯುತ್ತಾ ನಿಂತರೆ ಬಿಸಿ ಎರಡು ಪಟ್ಟು. ಸುರಕ್ಷತೆಗೆ ಅಂತ ಮಾಡಿದ್ದೇ ಇಲ್ಲಿ ಉಲ್ಟಾ ಹೊಡೆಯುತ್ತದೆ. ಟೇಕಾಫ್ ಹರಿವಿನಲ್ಲಾದರೆ ಏರಿಕೆ ಆರೇಳು ಡಿಗ್ರಿ ಮಾತ್ರ, ಹಾಗಾಗಿ ಬೆಳಗ್ಗೆ ನೇರ ಫುಲ್ ಥ್ರಾಟಲ್ ಟೆಸ್ಟ್ ಮಾಡಿದವರಿಗೆ ಈ ತಪ್ಪು ಕಾಣುವುದೇ ಇಲ್ಲ.

ಎರಡನೆಯದು ಪಂಪಿನ ಜಾಗ. ಫೈರ್‌ವಾಲಿನ (ಇಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಯ) ಇಂಜಿನ್ ಕಡೆ, ಮೇಲ್ಗಡೆ, ಎಕ್ಸಾಸ್ಟ್ ಪೈಪಿನಿಂದ ಒಂದು ಗೇಣು ದೂರದಲ್ಲಿ ಕೂರಿಸಿದ್ದರು. ಹಾರುವಾಗ ಗಾಳಿ ಆಡುತ್ತದೆ, ನಿಲ್ಲಿಸಿದ ಮೇಲೆ ಕೌಲಿಂಗ್ (ಇಂಜಿನ್ ಮುಚ್ಚುವ ಹೊದಿಕೆ) ಒಳಗಿನ ಬಿಸಿ 70 ಡಿಗ್ರಿ ದಾಟುವುದು ಏನೂ ಕಷ್ಟವಲ್ಲ. ಜೊತೆಗೆ, ಪಂಪು ಟ್ಯಾಂಕಿಗಿಂತ ಮೇಲಿದ್ದಷ್ಟೂ ಎಳೆತ ಹೆಚ್ಚು: ಪ್ರತಿ 30 ಸೆಂಟಿಮೀಟರಿಗೆ 0.02 ಬಾರ್. ಪಂಪು ಇರಬೇಕಾದದ್ದು ಟ್ಯಾಂಕಿನ ಹತ್ತಿರ, ಆದಷ್ಟು ಕೆಳಗೆ, ಫೈರ್‌ವಾಲಿನ ತಣ್ಣನೆ ಕಡೆ.

ಫಿಲ್ಟರ್ ಕೂಡ ತಿರುಗುಮುರುಗು. 10 ಮೈಕ್ರಾನಿನ ಸಣ್ಣ ಫಿಲ್ಟರ್ ಪಂಪಿನ ಮುಂಚೆ ಇತ್ತು. ಎಳೆಯುವ ಕಡೆ 100 ಮೈಕ್ರಾನಿನ ಜಾಳು ಫಿಲ್ಟರ್ ಸಾಕು, 10ರದ್ದು ಪಂಪು ದಾಟಿದ ಮೇಲೆ.

ಕಣ್ಣಿಗೆ ಬೀಳದೆ ಇದ್ದದ್ದು ಇನ್ನೊಂದು. ವಿಮಾನದಲ್ಲಿ ಪೈಪು ಜೋಡಿಸುವ ಎಎನ್ ಫಿಟಿಂಗಿಗೆ ಪೈಪಿನ ಫ್ಲೇರ್ (ಅಗಲಿಸಿದ ತುದಿ) 37 ಡಿಗ್ರಿ ಇರಬೇಕು. ಕಾರಿನ ಬ್ರೇಕ್ ಪೈಪಿಗೆ ಬಳಸುವ ಟೂಲ್ 45 ಡಿಗ್ರಿಯದು. ಸಕ್ಷನ್ ಲೈನಿನ ಒಂದು ತುದಿಯನ್ನು 45ರ ಟೂಲಿನಲ್ಲಿ ಮಾಡಿ ಬಿಗಿದಿದ್ದರು. ಬಿಚ್ಚಿದರೆ ಕೋನ್ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆ, ಕೂತದ್ದು ಅಷ್ಟೇ ಜಾಗ. ಹೊರಗೆ ಒಂದು ಹನಿ ಪೆಟ್ರೋಲೂ ಇರಲಿಲ್ಲ, ಏಕೆಂದರೆ ಪಂಪು ಓಡುವಾಗ ಎಳೆಯುವ ಕಡೆಯ ಲೀಕು ಹೊರಗೆ ಸುರಿಯುವುದಿಲ್ಲ, ಒಳಗೆ ಗಾಳಿ ಎಳೆದುಕೊಳ್ಳುತ್ತದೆ. ಒಣಗಿದೆ ಅಂತ ನಂಬಬೇಡಿ. ಟ್ಯಾಂಕಿನಿಂದ ಲೈನು ಬಿಡಿಸಿ, ಪೆಟ್ರೋಲು ಇಳಿಸಿ, ತುದಿ ಮುಚ್ಚಿ, 0.3 ಬಾರ್ ಗಾಳಿ ಕೊಟ್ಟು ಪ್ರತಿ ಜಾಯಿಂಟಿಗೂ ಸೋಪಿನ ನೀರು ಹಚ್ಚಿ. ಟ್ಯಾಂಕಿಗೆ ಮಾತ್ರ ಆ ಒತ್ತಡ ಕೊಡಬೇಡಿ, ಹೊಲಿಗೆ ಬಿಡುತ್ತದೆ.

ಸರಿಪಡಿಸುವಾಗ ರಿಟರ್ನನ್ನು ಟ್ಯಾಂಕಿಗೇ ಒಯ್ಯಿರಿ, ಅದರ ಬಾಯಿ ಸಪ್ಲೈ ಬಾಯಿಯಿಂದ ದೂರ ಇರಲಿ. ಪೆಟ್ರೋಲು ಕಂಡ ಟ್ಯಾಂಕಿಗೆ ವೆಲ್ಡಿಂಗ್ ಬೇಡ, ತೂತಿನ ಎರಡೂ ಕಡೆಯಿಂದ ಹಿಡಿಯುವ ಬಲ್ಕ್‌ಹೆಡ್ ಫಿಟಿಂಗ್ ಬಿಗಿದರೆ ಕೆಲಸ ಆಗುತ್ತದೆ. ಎರಡು ಟ್ಯಾಂಕು ಇರುವವರು ಸಪ್ಲೈ ಮತ್ತು ರಿಟರ್ನ್ ಎರಡನ್ನೂ ಒಟ್ಟಿಗೆ ಬದಲಿಸುವ ಆರು ಬಾಯಿಯ ಸೆಲೆಕ್ಟರ್ ವಾಲ್ವ್ ಹಾಕಲೇಬೇಕು. ಇಲ್ಲದಿದ್ದರೆ ಬಲದಿಂದ ಎಳೆದು ಎಡಕ್ಕೆ ತುಂಬುತ್ತಾ, 50 ಲೀಟರಿನ ಬಲ ಟ್ಯಾಂಕು ಅರ್ಧ ಗಂಟೆಯೊಳಗೆ ಖಾಲಿ, ಎಡದ್ದು ವೆಂಟಿನಿಂದ ಹೊರಗೆ. ಪ್ರತಿ ಪಂಪಿನ ಔಟ್‌ಲೆಟ್‌ಗೂ ಚೆಕ್ ವಾಲ್ವ್ ಇರಲಿ, ಓಡುವ ಪಂಪು ನಿಂತ ಪಂಪಿನ ಮೂಲಕ ವಾಪಸ್ ತಳ್ಳಬಾರದು. ಫ್ಯೂಸು, ಸ್ವಿಚ್ಚು, ಅರ್ತ್ ಮೂರೂ ಪ್ರತ್ಯೇಕ ಇರಲಿ. ಇಲ್ಲಿ ಎರಡೂ ಪಂಪಿಗೆ ಒಂದೇ ಅರ್ತ್ ಬೋಲ್ಟು ಇತ್ತು, ಅದು ಸಡಿಲಾದರೆ ಎರಡೂ ಒಟ್ಟಿಗೆ ಸಾಯುತ್ತವೆ. ರಬ್ಬರ್ ಹೋಸ್ ಹಾಕುವುದಾದರೆ ಮೇಲೆ 30ಆರ್9 ಅಂತ ಅಚ್ಚಾಗಿರಬೇಕು. 30ಆರ್7 ಕಾರ್ಬ್ಯುರೇಟರಿನ ಹೋಸ್, 3 ಬಾರ್‌ನ ಲೈನಿಗೆ ಅಲ್ಲ.

ಆಮೇಲೆ ಅಳೆಯಿರಿ. ಇಂಜಿನ್ ಆಫ್, ಮೂಗು ಏರುವ ಕೋನಕ್ಕೆ ಎತ್ತಿ, ಟ್ಯಾಂಕಿನಲ್ಲಿ ತಳದಷ್ಟೇ ಪೆಟ್ರೋಲು. ಒಂದು ಪಂಪು ಓಡಿಸಿ ರಿಟರ್ನನ್ನು ಅಳತೆ ಡಬ್ಬಿಗೆ ಹಿಡಿಯಿರಿ, ಪಕ್ಕದಲ್ಲಿ ಫೈರ್ ಎಕ್ಸ್‌ಟಿಂಗ್ವಿಶರ್ ಇರಲಿ. ಇಂಜೆಕ್ಟರ್ ಮುಚ್ಚಿರುವುದರಿಂದ ಪಂಪಿನ ಪೂರ್ತಿ ಹರಿವು ಅಲ್ಲೇ ಬರುತ್ತದೆ: ನಿಮಿಷಕ್ಕೆ 2 ಲೀಟರ್. ಅಮೆರಿಕದ ನಿಯಮ 2017ರವರೆಗೆ ಪಂಪಿನ ವ್ಯವಸ್ಥೆಗೆ ಕೇಳುತ್ತಿದ್ದದ್ದು ಟೇಕಾಫ್ ಬಳಕೆಯ ಶೇ 125, ಅಂದರೆ ಇಲ್ಲಿ ಗಂಟೆಗೆ 34 ಲೀಟರ್. ಆ ಗಡಿ ದಾಟಿತು ಅಂತ ಬಿಡಬೇಡಿ. 120ರ ಪಂಪು 60 ಕೊಟ್ಟರೆ ಸಕ್ಷನ್ ಎಲ್ಲೋ ಕಟ್ಟಿದೆ. ಇನ್ನೊಂದು ಪಂಪಿಗೂ ಬೇರೆಯಾಗಿ ಇದೇ ಪರೀಕ್ಷೆ. ಕೊನೆಗೆ ಮಧ್ಯಾಹ್ನದ ಬಿಸಿಲಲ್ಲಿ ವಿಮಾನ ಕಟ್ಟಿಹಾಕಿ, ಚೆನ್ನಾಗಿ ಕಾಯಿಸಿ ನಿಲ್ಲಿಸಿ, ಕೌಲಿಂಗ್ ತೆಗೆಯದೆ 20 ನಿಮಿಷ ಬಿಟ್ಟು, ಮತ್ತೆ ಸ್ಟಾರ್ಟ್ ಮಾಡಿ, 10 ನಿಮಿಷ ಐಡಲ್, 2 ನಿಮಿಷ ಫುಲ್ ಥ್ರಾಟಲ್. ಮುಳ್ಳು ನಡುಗಿದರೆ ಹಾರಬೇಡಿ.

ಪೆಟ್ರೋಲಿನ ಬಗ್ಗೆಯೂ ಒಂದು ಮಾತು. ಬಂಕಿನಲ್ಲಿ ಈಗ ಸಾಮಾನ್ಯವಾಗಿ ಸಿಗುವುದು ಇ20, ಅಂದರೆ ಶೇ 20 ಎಥನಾಲ್ ಬೆರೆಸಿದ ಪೆಟ್ರೋಲು. ಇಂಥ ಸಣ್ಣ ವಿಮಾನಗಳಿಗೆ ಬಳಸುವ ರೋಟಾಕ್ಸ್ 912 ಸರಣಿಯ ಇಂಜಿನ್ನಿಗೆ ಕಂಪನಿ ಒಪ್ಪುವುದು ಶೇ 10ರವರೆಗಿನ ಎಥನಾಲ್ ಮಾತ್ರ. ನಿಮ್ಮ ಕ್ಯಾನಿನಲ್ಲಿ ಎಷ್ಟಿದೆ ಅಂತ ನೋಡಲು ಗುರುತಿರುವ ಗಾಜಿನ ಕೊಳವೆಗೆ 10 ಮಿಲಿ ನೀರು, 100 ಮಿಲಿ ಪೆಟ್ರೋಲು ಹಾಕಿ ಕುಲುಕಿ, ಹತ್ತು ನಿಮಿಷ ಬಿಡಿ. ಎಥನಾಲ್ ನೀರಿನ ಜೊತೆ ಕೆಳಗಿಳಿಯುತ್ತದೆ. ಕೆಳಗಿನ ಪದರ 10ರಲ್ಲೇ ಇದ್ದರೆ ಎಥನಾಲ್ ಇಲ್ಲ. 20ರ ಹತ್ತಿರ ಇದ್ದರೆ ಶೇ 10. 30ರ ಕಡೆಗೆ ಏರಿದರೆ ಅದು ಇ20, ವಿಮಾನದ ಟ್ಯಾಂಕಿಗೆ ಹಾಕಬೇಡಿ.